ಊರಿನ ಮೂವರು ಯೋಧರಿಗೆ ಒಂದೇ ಕಲ್ಲು: ಏನು ಬರೆಸೋದು, ಎಲ್ಲಿ ನಿಲ್ಲಿಸೋದು?

ಜಗಳೂರು ಕಡೆಯವ

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಊರಲ್ಲಿ ಸೈನ್ಯದಲ್ಲಿದ್ದಾಗಲೇ ತೀರಿಕೊಂಡ ಮೂವರ ಹೆಸರಲ್ಲಿ ಸ್ಮಾರಕದ ಕಲ್ಲು ನಿಲ್ಲಿಸಬೇಕು ಅಂತ ಊರವರು ಸೇರಿ ತೀರ್ಮಾನ ಮಾಡಿದ್ದಾರೆ. ಒಬ್ಬರು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ, ಒಬ್ಬರು 1971ರಲ್ಲಿ, ಒಬ್ಬರು ಸಿಯಾಚಿನ್ ಹಿಮದಲ್ಲಿ. ಮೊದಲನೆಯವರ ಫೋಟೊ, ಕಾಗದ ಯಾವುದೂ ಇಲ್ಲ. ಮನೆಯವರಿಗೆ ಗೊತ್ತಿರೋದು ಹೆಸರು ಮತ್ತು 'ಬರ್ಮಾ' ಅಷ್ಟೇ.

ಅಂಗಡಿಯವರು 5 ಅಡಿ ಎತ್ತರ, 2.5 ಅಡಿ ಅಗಲ, 4 ಇಂಚು ದಪ್ಪದ ಕಪ್ಪು ಗ್ರಾನೈಟ್ ಹೇಳಿದ್ದಾರೆ. ಊರಿನ ನೆಲ ಎರೆಮಣ್ಣು. ಕೆಲವರು ಬಸ್ ನಿಲ್ಲೋ ಸರ್ಕಲ್‌ನಲ್ಲೇ ಇಡೋಣ ಅಂತಾರೆ, ಕೆಲವರು ಶಾಲೆ ಅಂತಾರೆ. ಅನಾವರಣ ಜುಲೈ 26ಕ್ಕೆ ಅಂತ ಮಾತಾಗಿದೆ. ಒಂದು ಮನೆಯವರು ಅಮಾವಾಸ್ಯೆಗೊಮ್ಮೆ ಪೂಜೆ ಮಾಡ್ತೀವಿ ಅಂತಿದ್ದಾರೆ. ತಿಳಿದವರು ದಾರಿ ತೋರಿಸಿ.

ನಿವೃತ್ತ ಹವಾಲ್ದಾರ್

ಕಲ್ಲಿನ ಅಂಗಡಿಗೆ ಮುಂಗಡ ಕೊಡೋಕೆ ಮೊದಲು ಕಾಗದಪತ್ರ ಸರಿಮಾಡಿಕೊಳ್ಳಿ. ಕಾಗದದ ಮೇಲೆ ತಪ್ಪಾದರೆ ಹೊಡೆದು ಬರೀಬಹುದು, ಕಲ್ಲಿನ ಮೇಲೆ ಆಗಲ್ಲ.

1971ರವರ ಮತ್ತು ಸಿಯಾಚಿನ್‌ನವರ ಮನೆಯಲ್ಲಿ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಾಮಾನ್ಯವಾಗಿ ಇರುತ್ತದೆ. ಸೇನಾ ಸಂಖ್ಯೆ, ದರ್ಜೆ, ರೆಕಾರ್ಡ್ ಆಫೀಸಿನ (ರೆಜಿಮೆಂಟಿನ ದಾಖಲೆ ಕಚೇರಿಯ) ಹೆಸರು ಮೂರೂ ಅದರಲ್ಲಿರುತ್ತವೆ. ಆ ಸಂಖ್ಯೆ ಬರೆದು ಮನೆಯವರ ಸಹಿ ಹಾಕಿಸಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮೂಲಕ ರೆಕಾರ್ಡ್ ಆಫೀಸಿಗೆ ಪತ್ರ ಹಾಕಿ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು. ಕೇಳಬೇಕಾದ್ದು ನಾಲ್ಕೇ: ಮರಣದ ದಿನಾಂಕ, ಸ್ಥಳ, ಆಗ ಇದ್ದ ಯೂನಿಟ್, ಯಾವ ಕಾರ್ಯಾಚರಣೆ. ಜವಾಬು ತಿಂಗಳುಗಟ್ಟಲೆ ತಡವಾಗಬಹುದು, ಅದಕ್ಕೇ ಮೊದಲು ಈ ಕೆಲಸ ಅಂದದ್ದು. ಅಷ್ಟರೊಳಗೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಇಬ್ಬರ ಹೆಸರೂ ಹುಡುಕಿ ನೋಡಿ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ಆ ಸ್ಮಾರಕದ ತ್ಯಾಗಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಜನರ ಹೆಸರಿದೆ.

ಬರ್ಮಾದವರು ಆ ಪಟ್ಟಿಗೆ ಬರಲ್ಲ, ಅದು 1947ರ ನಂತರದವರದ್ದು. ಅವರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬೇಕು. ಎರಡನೇ ಮಹಾಯುದ್ಧಕ್ಕೆ ಆಯೋಗ ಲೆಕ್ಕಕ್ಕೆ ತೆಗೆದುಕೊಳ್ಳೋ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಬರ್ಮಾದಲ್ಲಿ ಸತ್ತು, ಗೊತ್ತಿರುವ ಸಮಾಧಿಯಿಲ್ಲದ ಸುಮಾರು 27 ಸಾವಿರ ಜನರ ಹೆಸರು ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲಿದೆ. ಅದರಲ್ಲಿ ಭಾರತೀಯರೇ ಬಹಳ.

ಇಲ್ಲಿ ಎಲ್ಲರೂ ಎಡವೋದು ಎರಡು ಕಡೆ. ಹೆಸರು ಬರೆದದ್ದು ಇಂಗ್ಲಿಷಿನ ಗುಮಾಸ್ತ, ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಹನುಮಂತಪ್ಪ 'ಹನ್ಮಂತಪ' ಆಗಿರಬಹುದು, ಬರೀ 'ಹನುಮ' ಆಗಿರಬಹುದು. ಹಾಗಾಗಿ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ದೇಶ ಮತ್ತು ವರ್ಷದಿಂದ ಸೋಸಿ. ಎರಡನೆಯದು ಜಿಲ್ಲೆ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಯುದ್ಧದ ಕಾಲಕ್ಕೆ ಜಗಳೂರು, ಹರಿಹರ, ದಾವಣಗೆರೆ ಮೂರೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ, ಅದನ್ನು ಇಂಗ್ಲಿಷಿನಲ್ಲಿ 'ಚಿತಲ್‌ಡ್ರುಗ್' ಅಂತ ಬರೀತಿದ್ರು. ಹೊನ್ನಾಳಿ, ಚನ್ನಗಿರಿ ಕಡೆಯವರಾದರೆ ಶಿವಮೊಗ್ಗ. ಹರಪನಹಳ್ಳಿಯವರಾದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಈಗಿನ ಜಿಲ್ಲೆ ಹಾಕಿ ಹುಡುಕಿ 'ಸಿಗಲಿಲ್ಲ' ಅಂತ ಕೈಬಿಟ್ಟವರು ತುಂಬಾ ಜನ. ತಂದೆಯ ಹೆಸರು, ಊರಿನ ಹೆಸರು ಎರಡೂ ತಾಳೆಯಾದರೆ ಮಾತ್ರ ನಮ್ಮವರು ಅಂತ ಒಪ್ಪಿ. ಒಂದೇ ಹೆಸರಿನವರು ಹತ್ತಾರು ಜನ ಇರ್ತಾರೆ.

ಇನ್ನೊಂದು ಮಾತು. ಸೇನೆಯ ದಾಖಲೆಯಲ್ಲಿ 'ಹುತಾತ್ಮ' ಅನ್ನೋ ಶಬ್ದವೇ ಇಲ್ಲ, ಅಲ್ಲಿರೋದು 'ಬ್ಯಾಟಲ್ ಕ್ಯಾಷುವಾಲ್ಟಿ' (ಕಾರ್ಯಾಚರಣೆಯಲ್ಲಿ ಮಡಿದ, ಗಾಯಗೊಂಡವರು) ಅನ್ನೋಂಥ ವರ್ಗಗಳು. ಊರಿನ ಕಲ್ಲಿನ ಮೇಲೆ ಹುತಾತ್ಮ ಅಂತ ಬರೆಸೋಕೆ ಅಡ್ಡಿ ಏನಿಲ್ಲ. ಆದರೆ ಹಿಮಕುಸಿತದಲ್ಲಿ ತೀರಿಕೊಂಡವರಿಗೆ 'ಶತ್ರುಗಳೊಂದಿಗೆ ಹೋರಾಡುತ್ತಾ' ಅಂತ ಹಾಕಬೇಡಿ. ಹಿಮ ಹಿಮವೇ. ಅಲ್ಲಿ ನಿಂತದ್ದೇನು ಕಡಿಮೆಯ ಕೆಲಸ ಅಲ್ಲ, ಬಣ್ಣ ಹಚ್ಚೋ ಅಗತ್ಯ ಇಲ್ಲ.

ಕಲ್ಕುಟಿಗ

ಹವಾಲ್ದಾರ್ ಸಾಹೇಬ್ರು ಹೇಳಿದ್ದು ಸರಿ ಐತೆ. ನಾನು ಕಲ್ಲಿಂದು ಹೇಳ್ತೀನಿ.

ಕಪ್ಪು ಕಲ್ಲು ಒಂದು ಘನ ಅಡಿಗೆ ಸುಮಾರು 85 ಕೆಜಿ ತೂಗುತ್ತೆ. ನಿಮ್ಮ ಅಳತೆಗೆ 350 ಕೆಜಿ ಆಸುಪಾಸು. ಎಂಟು ಜನ ಹಗ್ಗ ಹಾಕಿ ಎತ್ತೋ ಸಾಹಸ ಬ್ಯಾಡ. ಮೂರು ಕಾಲಿನ ಸ್ಟ್ಯಾಂಡು, ಚೈನ್ ಪುಲ್ಲಿ ತರಿಸ್ರಿ. ಕಲ್ಲಿಗೆ ನೇರವಾಗಿ ಸರಪಳಿ ಸುತ್ತಿದ್ರೆ ಅಂಚು ಚಕ್ಕೆ ಏಳುತ್ತೆ, ಭಾರ ಎತ್ತೋ ಬಟ್ಟೆ ಬೆಲ್ಟೇ ಆಗಬೇಕು.

ಕೊಳ್ಳುವಾಗ ಮೂರು ಪರೀಕ್ಷೆ. ಒಂದು, ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಹಿಂಭಾಗ ಉಜ್ಜಿರಿ. ಬಟ್ಟೆ ಕಪ್ಪಾದ್ರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದಾರೆ ಅಂತ ಅರ್ಥ, ಎರಡು ಬೇಸಿಗೆಗೆ ಬಿಳಚಿಕೊಳ್ಳುತ್ತೆ. ಎರಡು, ಸಣ್ಣ ಸುತ್ತಿಗೇಲಿ ತಟ್ಟಿದ್ರೆ ಗಂಟೆಯಂಗೆ ಕೇಳಬೇಕು. 'ದಬ್' ಅಂದ್ರೆ ಒಳಗೆ ಬಿರುಕು. ಮೂರು, ನೀರು ಹಾಕಿ ಬಿಸಿಲಿಗೆ ಬಿಡ್ರಿ. ಎಲ್ಲಾ ಒಣಗಿದ ಮ್ಯಾಲೂ ಗೆರೆಯಂಗೆ ಒದ್ದೆ ಉಳಿದ್ರೆ ಅದೇ ಸೀಳು.

ಎರೆಮಣ್ಣು ಅಂದ್ರಲ್ಲ, ತಲೆನೋವು ಅಲ್ಲೇ ಇರೋದು. ಮಳೆಗಾಲಕ್ಕೆ ಉಬ್ಬುತ್ತೆ, ಬೇಸಿಗೇಲಿ ಕೈ ತೂರೋವಷ್ಟು ಬಿರಿಯುತ್ತೆ. ಅದರ ಮ್ಯಾಲೆ ಒಂದು ಅಡಿ ಪಾಯ ಹಾಕಿ ನಿಲ್ಸಿದ ಕಲ್ಲು ಎರಡೇ ವರ್ಷಕ್ಕೆ ವಾಲುತ್ತೆ. 4.5 ಅಡಿಗೆ 3.5 ಅಡಿ ಗುಂಡಿ ತೆಗೀರಿ, ಮೊರಂ (ಗರಸು ಮಣ್ಣು) ಸಿಗೋ ತನಕ ಇಳೀರಿ. ನಾಲ್ಕು ಅಡಿಗೂ ಸಿಗದಿದ್ರೆ ಹೊರಗಿಂದ ಮೊರಂ ತಂದು 6 ಇಂಚಿನ ಪದರ ಪದರ ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡ್ರಿ. ತೆಗೆದ ಎರೆಮಣ್ಣನ್ನೇ ವಾಪಸ್ ತುಂಬಬ್ಯಾಡ್ರಿ, ಎಷ್ಟೋ ಮೇಸ್ತ್ರಿಗಳು ಇದನ್ನೇ ಮಾಡೋದು. ಅದರ ಮ್ಯಾಲೆ 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು 4 ಇಂಚು, ಆಮ್ಯಾಲೆ ಕಬ್ಬಿಣ ಕಟ್ಟಿದ ಪೀಠ, ನೆಲದಿಂದ 2 ಅಡಿ ಎತ್ತರ. ಪೀಠಕ್ಕೆ 14 ದಿನ ಗೋಣಿಚೀಲ ಹೊದಿಸಿ ನೀರು ಕುಡಿಸ್ರಿ.

ಕಲ್ಲಿನ ಬುಡ 1 ಅಡಿ ಪೀಠದ ಒಳಗೆ ಇಳಿಬೇಕು. ಸುತ್ತ ಅರ್ಧ ಇಂಚು ಸಂದು ಬಿಟ್ಟು, ಕುಗ್ಗದಿರೋ ಗ್ರೌಟು (ಸಂದು ತುಂಬೋ ಸಿಮೆಂಟು ಮಿಶ್ರಣ) ತುಂಬ್ರಿ. ಬರೀ ಸಿಮೆಂಟು ಹಾಲು ಒಣಗಿದ ಮ್ಯಾಲೆ ಕುಗ್ಗಿ ಕಲ್ಲು ಅಲ್ಲಾಡುತ್ತೆ. ಕೆಲವ್ರು ಕಲ್ಲಿನ ಬುಡಕ್ಕೆ ತೂತು ಹೊಡೆದು ಸರಳು ಕೂರಿಸ್ತಾರೆ. ಕೂರಿಸೋದಾದ್ರೆ ಸ್ಟೇನ್‌ಲೆಸ್ ಸ್ಟೀಲ್ 12 ಎಂಎಂ. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಊದಿ ಕಲ್ಲನ್ನೇ ಸೀಳುತ್ತೆ. ಪೀಠದ ತಲೆ ಹೊರಗಡೆಗೆ ಸ್ವಲ್ಪ ಇಳಿಜಾರು ಇರಲಿ, ನೀರು ನಿಲ್ಲಬಾರದು.

ಕೊನೇಲಿ ನಿಮಗೆ ಕಾಣೋ ಕಲ್ಲು 4 ಅಡಿ, 5 ಅಲ್ಲ. ಬರಹ ಜೋಡಿಸುವಾಗ ಇದನ್ನ ಮರೀಬ್ಯಾಡ್ರಿ. ಅಂಗಡಿಯವ್ರು 5 ಅಡಿಗೂ ಕೊರೆದು, ಕೊನೆ ಎರಡು ಸಾಲು ಪೀಠದಾಗೆ ಹೂತು ಹೋದ ಕಲ್ಲುಗಳು ಅದಾವೆ.

ಡಿಟಿಪಿ ಮನುಷ್ಯ, ದಾವಣಗೆರೆ

ಬರಹದ ಲೆಕ್ಕ ನಾನು ಕೊಡ್ತೀನಿ. ಅಗಲ 30 ಇಂಚು, ಎರಡು ಕಡೆ 3 ಇಂಚು ಬಿಟ್ಟರೆ 24. ಅಕ್ಷರ 1.25 ಇಂಚು ಎತ್ತರ ಇಟ್ಟರೆ ಒಂದು ಸಾಲಿಗೆ ಹದಿನೈದು ಹದಿನಾರು ಅಕ್ಷರಕ್ಕಿಂತ ಹಿಡಿಸಲ್ಲ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಣಿತ. ಇಂಗ್ಲಿಷಿನ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನಿಂದ ಸಾಲಿಗೆ 2.75 ಇಂಚು ಬೇಕೇ ಬೇಕು. ಕಾಣುವ 48 ಇಂಚಿನಲ್ಲಿ ಮೇಲೆ 3, ಕೆಳಗೆ ಮಳೆನೀರು ಸಿಡಿಯೋ ಜಾಗ 6 ಕಳೆದರೆ ಉಳಿದದ್ದು 39 ಇಂಚು, ಅಂದರೆ 14 ಸಾಲು. ಒಬ್ಬರಿಗೆ ನಾಲ್ಕು ಸಾಲು (ಸಂಖ್ಯೆ ಮತ್ತು ದರ್ಜೆ, ಹೆಸರು, ಯೂನಿಟ್, ಸ್ಥಳ ಮತ್ತು ದಿನಾಂಕ) ಅಂದರೆ 12. ತಲೆಬರಹ ಒಂದು, ಕೊನೆಗೆ ಒಂದು. ಮುಗಿಯಿತು.

ಮುಖಚಿತ್ರಕ್ಕೆ ಜಾಗವಿಲ್ಲ, ಇಲ್ಲದಿರುವುದೇ ಒಳ್ಳೆಯದು. ಇಬ್ಬರ ಫೋಟೊ ಇದೆ, ಒಬ್ಬರದಿಲ್ಲ ಅಂದಿರಿ. ಇಬ್ಬರ ಮುಖ ಕೆತ್ತಿಸಿ ಮೂರನೆಯವರ ಜಾಗ ಖಾಲಿ ಬಿಟ್ಟರೆ ನೋಡುವವರ ಕಣ್ಣಿಗೆ ಅವರು ಅರ್ಧ ಯೋಧರಾಗಿ ಕಾಣ್ತಾರೆ. ಇನ್ಯಾರದೋ ಚಿತ್ರ ನೋಡಿ 'ಅಂದಾಜಿನ ಮುಖ' ಮಾಡಿಸೋದು ಮಾತ್ರ ಬೇಡವೇ ಬೇಡ.

ಈಗ ನಿಜವಾದ ಅಪಾಯ. ವಾಟ್ಸಾಪ್‌ನಲ್ಲಿ ನೀವು ಕಳಿಸೋದು ಮೊಬೈಲ್ ಬಳಸೋ ಯೂನಿಕೋಡ್ ಅಕ್ಷರ. ಕೊರೆಯೋ ಅಂಗಡಿಯಲ್ಲಿ ಇರೋದು ಹಳೆಯ ನುಡಿ ಅಥವಾ ಬರಹ ಫಾಂಟು. ಬದಲಾಯಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ತಪ್ಪುತ್ತವೆ. 'ಚಿತ್ರದುರ್ಗ', 'ಶೌರ್ಯ', 'ಪೂರ್ವ', 'ಮದ್ರಾಸ್' ಇಂಥ ಪದಗಳೇ ಮೊದಲು ಕೆಡೋದು. ಪರದೆಯ ಮೇಲೆ ಕಣ್ಣು ಮೋಸ ಹೋಗುತ್ತದೆ. ಆದ್ದರಿಂದ ಕಲ್ಲಿನ ನಿಜವಾದ ಅಳತೆಗೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಮೂರು ಮನೆಯವರನ್ನೂ ಕರೆದು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿಸಿ. ಆ ಕಾಗದದ ಮೇಲೇ ಸಹಿ ಹಾಕಿಸಿಕೊಳ್ಳಿ. ದಾಖಲೆಯ ಹೆಸರಿಗೂ ಮನೆಯಲ್ಲಿ ಕರೆಯೋ ಹೆಸರಿಗೂ ವ್ಯತ್ಯಾಸ ಇದ್ದರೆ ದಾಖಲೆಯದ್ದು ಹಾಕಿ, ಕಂಸದಲ್ಲಿ ಮನೆಯದ್ದು. ಊರವರು ಗುರುತು ಹಿಡಿಯೋದು ಎರಡನೆಯದರಿಂದಲೇ.

ರಬ್ಬರ್ ಸ್ಟೆನ್ಸಿಲ್ ಅಂಟಿಸಿ ಮರಳು ಊದಿ ಕೊರೆಯೋದಾದರೆ ಆಳ 2ರಿಂದ 3 ಎಂಎಂ ಇರಲೇಬೇಕು. ಬಣ್ಣ ಹೋದ ಮೇಲೂ ನೆರಳಿನಿಂದ ಓದೋಕೆ ಬರಬೇಕು. ಚಿನ್ನದ ಬಣ್ಣ ಬಿಸಿಲಿಗೆ ಬೇಗ ಮಂಕಾಗುತ್ತೆ. ಲೇಸರ್‌ನಿಂದ ಬರೀ ಮೇಲ್ಮೈ ಗೀಚಿದ ಅಕ್ಷರಕ್ಕೆ ಆಯುಷ್ಯ ಕಡಿಮೆ.

ಪಂಚಾಯ್ತಿ ಫೈಲು

ಸರ್ಕಲ್ ಬೇಡ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ, ಕಟ್ಟಡ ಕಟ್ಟಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಅನುಮತಿ ಇಲ್ಲದೆ ರಾತ್ರೋರಾತ್ರಿ ನಿಲ್ಲಿಸಿದರೆ ಮುಂದೊಂದು ದಿನ ರಸ್ತೆ ಅಗಲೀಕರಣಕ್ಕೆ ಅದೇ ಕಲ್ಲನ್ನು ಜೆಸಿಬಿ ಎತ್ತುತ್ತದೆ. ಆ ಮನೆಯವರು ಅದನ್ನು ನಿಂತು ನೋಡಬೇಕಾಗುತ್ತದೆ.

ಪಂಚಾಯ್ತಿಯ ಸ್ವಂತ ನಿವೇಶನ ಅಥವಾ ಶಾಲೆಯ ಆವರಣ ನೋಡಿ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿಸಿ. ಠರಾವಿನಲ್ಲಿ ಜಾಗದ ಚೆಕ್ಕುಬಂದಿ, ಕಲ್ಲಿನ ಅಳತೆ, ಬರೆಸುವ ಪೂರ್ತಿ ಒಕ್ಕಣೆ, ನಿರ್ವಹಣೆ ಯಾರದ್ದು ಅನ್ನೋದು ನಾಲ್ಕೂ ಇರಲಿ. ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಒಪ್ಪಿಗೆ ಲಿಖಿತವಾಗಿ ತಗೊಳ್ಳಿ. ಗೋಮಾಳ, ಸರ್ಕಾರಿ ಖರಾಬು ಆದರೆ ತಹಶೀಲ್ದಾರರ ಹತ್ತಿರ ಹೋಗಲೇಬೇಕು, ಪಂಚಾಯ್ತಿ ಠರಾವು ಸಾಲದು.

ಚಿತ್ರದುರ್ಗದ ಕೋಟೆ ಸುತ್ತ, ಹರಿಹರದ ಹರಿಹರೇಶ್ವರ ಗುಡಿ ಸುತ್ತ ಇರುವವರು ಇದನ್ನೂ ಗಮನಿಸಿ: ಪುರಾತತ್ವ ಇಲಾಖೆಯ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ.

ಜಗಳೂರು ಕಡೆಯವ

ಸರ್ಕಲ್ ವಿಚಾರ ಬಿಟ್ಟೆವು, ಶಾಲೆ ಅಂತ ಆಯ್ತು. ಇನ್ನೊಂದು. ಊರ ಗುಡಿ ಹಿಂದೆ ಹಳೇ ವೀರಗಲ್ಲು ಎರಡಿವೆ. ಹುಡುಗರು ಅದೇ ಥರ ಕೆತ್ತಿಸೋಣ ಅಂತಿದ್ದಾರೆ, ಕತ್ತಿ ಬದಲು ಬಂದೂಕು ಹಿಡಿದವ. ಹಳೇ ಕಲ್ಲುಗಳಿಗೂ ಬಣ್ಣ ಹೊಡೆದು ಪಕ್ಕದಲ್ಲೇ ತಂದು ನಿಲ್ಲಿಸೋ ಯೋಚನೆ.

ಶಾಸನದ ಹುಚ್ಚು

ಹಳೇ ಕಲ್ಲುಗಳನ್ನು ದಯವಿಟ್ಟು ಇದ್ದಲ್ಲೇ ಬಿಡಿ. ಆಯಿಲ್ ಪೇಂಟು ಹೊಡೆದರೆ ಸವೆದ ಅಕ್ಷರದ ಗುಂಡಿಗಳು ತುಂಬಿಕೊಳ್ಳುತ್ತವೆ, ಅಲ್ಲಿಗೆ ಆ ಶಾಸನ ಓದುವವರಿಗೆ ಇಲ್ಲವಾದಂತೆ. ಪೇಂಟು ಕೀಳೋಕೆ ಹೋದರೆ ಕಲ್ಲಿನ ಮೈಯೂ ಬರುತ್ತದೆ. ಕಿತ್ತು ತಂದರೆ ಕಾಳಗ ಎಲ್ಲಿ ನಡೆದಿತ್ತು ಅನ್ನುವ ಸುಳಿವು ಹೋಗುತ್ತದೆ. ಅಕ್ಷರ ಇದ್ದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ನಡುಹಗಲಲ್ಲಿ ಏನೂ ಕಾಣುವುದಿಲ್ಲ. ಸುಣ್ಣ, ರಂಗೋಲಿ ಪುಡಿ ತುಂಬಿ ಓದಬೇಡಿ.

ಹೊಸ ಕಲ್ಲಿಗೆ ವೀರಗಲ್ಲಿನ ರೂಪ ಬೇಕೇ ಅನ್ನುವುದಕ್ಕೆ ನನ್ನ ಉತ್ತರ: ಪೂರ್ತಿ ಬೇಡ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರ. ಅದು ಆ ಕಾಲದ ನಂಬಿಕೆಯ ಭಾಷೆ. ಕೈಗೆ ಬಂದೂಕು ಕೊಟ್ಟು ಉಳಿದದ್ದನ್ನು ನಕಲು ಮಾಡಿದರೆ ನಾಟಕದ ಪರದೆಯಂತಾಗುತ್ತದೆ. ನಾಳೆ ಅದೇ ಊರಿನ ಒಬ್ಬ ಮುಸ್ಲಿಂ ಅಥವಾ ಕ್ರೈಸ್ತ ಯೋಧನ ಹೆಸರು ಸೇರಿಸಬೇಕಾದರೆ ಏನು ಮಾಡುತ್ತೀರಿ? ಮೇಲಿನ ಸೂರ್ಯಚಂದ್ರರನ್ನು ಮಾತ್ರ ಉಳಿಸಿಕೊಳ್ಳಿ, ಅಷ್ಟೇ ಸಾಕು. ನೋಡಿದವರಿಗೆ ಇದು ವೀರಗಲ್ಲಿನ ವಂಶದ್ದು ಅಂತ ಗೊತ್ತಾಗುತ್ತದೆ.

ಚಿತ್ರಕ್ಕಿಂತ ಹಳಬರ ಬರವಣಿಗೆಯಿಂದ ಕಲಿಯುವುದು ಹೆಚ್ಚಿದೆ. ಯಾವಾಗ, ಯಾರ ಆಳ್ವಿಕೆಯಲ್ಲಿ, ತುರುಗಾಳಗವೋ (ದನಗಳಿಗಾಗಿ ನಡೆದ ಕಾಳಗ) ಊರಳಿವೋ (ಊರಿನ ಮೇಲಿನ ದಾಳಿ), ಯಾರು ಸತ್ತ, ಯಾರು ಕಲ್ಲು ನಿಲ್ಲಿಸಿದರು ಎಲ್ಲವನ್ನೂ ನಾಲ್ಕಾರು ಸಾಲಲ್ಲಿ ಹೇಳಿಬಿಡುತ್ತಾರೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಯ ವಿವರವೂ ಎಷ್ಟೋ ಕಲ್ಲುಗಳಲ್ಲಿದೆ; ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಅಂತ ಅದಕ್ಕೆ ಹೆಸರು. ಅಂದರೆ ಕಲ್ಲು ನಿಲ್ಲಿಸುವುದರ ಜೊತೆಗೇ ಒಲೆ ಉರಿಯುವ ವ್ಯವಸ್ಥೆಯೂ ನಡೆಯುತ್ತಿತ್ತು. ಚಿತ್ರದುರ್ಗದ ಪಕ್ಕದಲ್ಲೇ ಇರುವ ತಮಟಕಲ್ಲಿನ ಶಾಸನ ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು, ಗುಣಮಧುರ ಎಂಬ ವೀರನನ್ನು ಹೊಗಳುವ ಪದ್ಯ. ಅವನ ಹೆಸರು ಇವತ್ತಿಗೂ ನಮಗೆ ಗೊತ್ತಿರುವುದು ಕಲ್ಲಿನ ಮೇಲೆ ಅಕ್ಷರ ಕೊರೆದಿದ್ದರಿಂದ.

ಹಾಗಾಗಿ 14ನೇ ಸಾಲಿನಲ್ಲಿ ಘೋಷಣೆ ಬೇಡ. 'ಗ್ರಾಮಸ್ಥರು ನಿಲ್ಲಿಸಿದ ಕಲ್ಲು' ಅಂತ ಬರೆದು ದಿನಾಂಕ ಹಾಕಿ. ಉದ್ಘಾಟಕರ ಹೆಸರಿನ ಪಟ್ಟಿ ಅದೇ ಕಲ್ಲಿನ ಮೇಲೆ ಬಂತೆಂದರೆ ಯೋಧರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಇದು ಎಲ್ಲ ಊರಿನ ಅನುಭವ. ಬೇಕೇ ಬೇಕು ಅಂದವರಿಗೆ ಪೀಠದ ಹಿಂಭಾಗ ಇದೆ.

ನಿವೃತ್ತ ಹವಾಲ್ದಾರ್

ಅನಾವರಣದ ದಿನ. ಜುಲೈ 26 ಕಾರ್ಗಿಲ್ ವಿಜಯ ದಿವಸ, 1999ರದ್ದು. ನಿಮ್ಮ ಮೂವರಲ್ಲಿ ಯಾರೂ ಕಾರ್ಗಿಲ್‌ನವರಲ್ಲ. ಡಿಸೆಂಬರ್ 16 ಇಟ್ಟುಕೊಳ್ಳಿ, 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದ ದಿನ. ಮಳೆಯೂ ಇರಲ್ಲ, ರೆಕಾರ್ಡ್ ಆಫೀಸಿನ ಜವಾಬು ಬರೋಕೂ ಸಮಯ ಸಿಗುತ್ತೆ.

ಕಲ್ಲಿಗೆ ರಾಷ್ಟ್ರಧ್ವಜ ಹೊದಿಸಿ ಎಳೆಯೋದು ತಪ್ಪು. ಧ್ವಜ ಸಂಹಿತೆ ಪ್ರಕಾರ ಪ್ರತಿಮೆ, ಸ್ಮಾರಕ ಮುಚ್ಚೋಕೆ ಧ್ವಜ ಬಳಸೋ ಹಾಗಿಲ್ಲ. ಬೇರೆ ಬಟ್ಟೆ ಹೊದಿಸಿ, ಧ್ವಜ ಪಕ್ಕದ ಕಂಬದ ಮೇಲಿರಲಿ. ಧ್ವಜದೊಳಗೆ ಹೂವಿನ ಪಕಳೆ ಇಟ್ಟು ಬಿಚ್ಚೋದಕ್ಕೆ ಅಡ್ಡಿಯಿಲ್ಲ. ಅದರ ಮೇಲೆ ಯೋಧರ ಹೆಸರು ಬರೆಸೋದು, ತೋರಣದ ಹಾಗೆ ಕಟ್ಟೋದು ಸಲ್ಲದು. ಅರ್ಧಕ್ಕೆ ಇಳಿಸಬೇಡಿ, ಅದು ಸರ್ಕಾರದ ಸೂಚನೆ ಇದ್ದಾಗ ಮಾತ್ರ.

ಪುಷ್ಪಚಕ್ರ ಮೊದಲು ಇಡೋದು ಮನೆಯವರು. ಆಮೇಲೆ ಮಾಜಿ ಸೈನಿಕರು, ಆಮೇಲೆ ಅಧಿಕಾರಿಗಳು, ಚುನಾಯಿತರು. ಈ ಕ್ರಮವನ್ನು ಬರೆದು ಮೈಕಿನವರ ಕೈಗೆ ಮೊದಲೇ ಕೊಡಿ, ಇಲ್ಲದಿದ್ದರೆ ಅಲ್ಲಿ ಬಂದವರ ದೊಡ್ಡಸ್ತಿಕೆ ನೋಡಿ ಕರೀತಾರೆ. ಮನೆಯವರು ಪದಕ ಧರಿಸೋದಾದರೆ ಬಲ ಎದೆಗೆ. ಎಡ ಎದೆ ಪದಕ ಗಳಿಸಿದವರದ್ದು. ಮೌನ ಎರಡು ನಿಮಿಷ ಅಂದರೆ ಗಡಿಯಾರ ನೋಡಿ ಎರಡು ನಿಮಿಷ, ನಲವತ್ತು ಸೆಕೆಂಡಿಗೆ 'ಓಂ ಶಾಂತಿ' ಹೇಳಿ ಮುಗಿಸೋದಲ್ಲ. ಬ್ಯೂಗಲ್ ಊದೋಕೆ ಹತ್ತಿರದ ಕಾಲೇಜಿನ ಎನ್‌ಸಿಸಿಯವರನ್ನು ಎರಡು ವಾರ ಮುಂಚೆ ಕೇಳಿ. ಬರಿತಲೆಯಲ್ಲಿ ಸೆಲ್ಯೂಟ್ ಹೊಡೆಯೋದು ನಮ್ಮ ಸೈನ್ಯದ ಪದ್ಧತಿ ಅಲ್ಲ. ಊರವರು ನೆಟ್ಟಗೆ ನಿಂತು ಕೈಮುಗಿದರೆ ಸಾಕು.

ಹಳೇ ಟ್ರಂಕು

ಕಲ್ಲಿನ ಗಲಾಟೆಯಲ್ಲಿ ಮನೆಯೊಳಗಿನದ್ದು ಮರೆಯಬೇಡಿ. ಪದಕಗಳನ್ನು ಬ್ರಾಸೊ (ಲೋಹದ ಪಾಲಿಶ್) ಹಾಕಿ ತಿಕ್ಕಬೇಡಿ. ಸುತ್ತಂಚಿನಲ್ಲಿ ಸಂಖ್ಯೆ, ಹೆಸರು ಸಣ್ಣಗೆ ಕೊರೆದಿರುತ್ತೆ, ತಿಕ್ಕಿ ತಿಕ್ಕಿ ಅದೇ ಹೋಗೋದು. ಬರ್ಮಾದವರ ಮನೆಯಲ್ಲಿ ಹಳೇ ಪದಕವೇನಾದರೂ ಸಿಕ್ಕರೆ ಮೊದಲು ಭೂತಗನ್ನಡಿ ಹಿಡಿದು ಆ ಅಂಚು, ಹಿಂಭಾಗ ಎರಡೂ ನೋಡಿ. ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಶಾಖಕ್ಕೆ ಮತ್ತು ಅಂಟಿಗೆ ಹಳೇ ಕಾಗದ ಹಳದಿಯಾಗಿ ಪುಡಿಯಾಗುತ್ತೆ, ವಾಪಸ್ ತೆಗೆಯೋಕೂ ಆಗಲ್ಲ. 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಮೂಲವನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಫೋಟೊ ಗಾಜಿಗೆ ಅಂಟಿದಂತೆ ಫ್ರೇಮ್ ಹಾಕಿಸಿದರೆ ತೇವಕ್ಕೆ ಮುಖ ಗಾಜಿಗೇ ಹತ್ತಿಕೊಳ್ಳುತ್ತೆ. ನಡುವೆ ದಪ್ಪ ಕಾಗದದ ಚೌಕಟ್ಟು ಇರಲಿ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆ ಇಡುವಾಗ ಸಮವಸ್ತ್ರ ಹೊರಗೆ ತೆಗೆಯೋ ಮನೆಗಳಿವೆ. ಒಳ್ಳೆಯದೇ, ಬಟ್ಟೆಗೂ ವರ್ಷಕ್ಕೊಮ್ಮೆ ಗಾಳಿ ಆಡುತ್ತೆ. ದೀಪದಿಂದ ಒಂದು ಮಾರು ದೂರ ಇಡಿ ಅಷ್ಟೇ.

ಜಗಳೂರು ಕಡೆಯವ

ಎಲ್ಲ ಬರೆದುಕೊಂಡೆ. ಅಮಾವಾಸ್ಯೆ ಪೂಜೆ ವಿಚಾರ ಉಳೀತು. ಬೇಡ ಅಂತ ಆ ತಾಯಿಗೆ ಹೇಳೋಕೆ ಬಾಯಿ ಬರ್ತಿಲ್ಲ.

ಕಲ್ಕುಟಿಗ

ಬ್ಯಾಡ ಅನ್ಬ್ಯಾಡ್ರಿ. ಪೀಠದಿಂದ ಒಂದೂವರೆ ಅಡಿ ಮುಂದಕ್ಕೆ ಒಂದು ಅಡಿ ಚೌಕದ ಒರಟು ಕಲ್ಲು ಬೇರೆ ಹಾಕ್ರಿ, ಮಧ್ಯ ಬಟ್ಟಲಿನಂಗೆ ತೋಡಿಸಿ. ದೀಪ, ಅರಿಶಿನ ಕುಂಕುಮ, ತೆಂಗಿನಕಾಯಿ ಎಲ್ಲಾ ಅಲ್ಲೇ ಆಗ್ಲಿ. ಹೆಸರಿನ ಕಲ್ಲಿಗೆ ಎಣ್ಣೆ, ಹಾಲು ಬಿದ್ರೆ ಅಕ್ಷರದೊಳಗೆ ಜಿಡ್ಡು ಕೂತು ಧೂಳು ಹಿಡಿಯುತ್ತೆ.

ತೊಳೆಯೋಕೆ ಬೋರ್‌ವೆಲ್ ನೀರು ಬ್ಯಾಡ. ನಮ್ಮ ಕಡೆ ನೀರು ಗಡಸು, ಒಣಗಿದ ಮ್ಯಾಲೆ ಕಪ್ಪು ಕಲ್ಲಿನ ಮ್ಯಾಲೆ ಬಿಳಿ ಸುಣ್ಣದ ಗೆರೆ ಉಳಿಯುತ್ತೆ. ಅದನ್ನ ತೆಗೀತೀನಿ ಅಂತ ಯಾರೋ ಆಸಿಡ್ ಹಾಕ್ತಾರೆ, ಪಾಲಿಶೇ ಹೋಗುತ್ತೆ. ಮಳೆನೀರು ಇಲ್ಲಾ ಫಿಲ್ಟರ್ ನೀರು ಎರಡು ಬಿಂದಿಗೆ, ಮೆತ್ತನೆ ಬ್ರಶ್ಶು, ಒಣ ಬಟ್ಟೇಲಿ ಒರೆಸೋದು. ಶಾಲೆ ಮೇಷ್ಟ್ರಿಗೆ ಹೇಳಿ ಒಂದು ಬಿಂದಿಗೆ ಅಲ್ಲೇ ಇಡಿಸ್ರಿ.